ಬೋರ್ ನೀರಿನ ಬಿಳಿ ಪೊರೆ: ಟೈಲ್ಸ್, ಕಡಪ, ಮಾರ್ಬಲ್ ಮೂರಕ್ಕೂ ಒಂದೇ ಔಷಧಿ ನಡೆಯುತ್ತಾ?

ಬಚ್ಚಲಮನೆ_ಪ್ರಶ್ನೆ

ಬಚ್ಚಲ ಗೋಡೆಗೆ ಹೊಳಪಿನ ಸಿರಾಮಿಕ್ ಟೈಲ್ಸ್, ನೆಲಕ್ಕೆ ಪಾಲಿಶ್ ಆದ ಕಪ್ಪು ಕಡಪ ಕಲ್ಲು, ಹೊಸ್ತಿಲಿಗೆ ಬಿಳಿ ಮಾರ್ಬಲ್. ನಲ್ಲಿಯ ಕೆಳಗೆ, ಬಕೆಟ್ ಇಡುವ ಜಾಗದಲ್ಲಿ ಮೂರರ ಮೇಲೂ ಬಿಳಿ ಪೊರೆ ಗಟ್ಟಿಯಾಗಿ ಕೂತಿದೆ. ಸೋಪು, ಪಾತ್ರೆ ಪುಡಿ ಯಾವುದಕ್ಕೂ ಜಗ್ಗುತ್ತಿಲ್ಲ. ಅಂಗಡಿಯವರು ಬಾತ್‌ರೂಮ್ ಆಸಿಡ್ ತಗೊಳ್ಳಿ ಅಂತಾರೆ, ಇನ್ನು ಕೆಲವರು ವಿನೆಗರ್ ಅಂತಾರೆ. ಒಟ್ಟಿಗೆ ಸುರಿದು ತೊಳೆದುಬಿಡುವಂಥದ್ದು ಯಾವುದು? ಅಡಿಗೆಮನೆಯ ಗ್ರಾನೈಟ್ ಕಟ್ಟೆ ಮೇಲಿನ ಅರಿಶಿನ, ಎಣ್ಣೆ ಕಲೆಗೂ ದಾರಿ ಇದ್ದರೆ ಹೇಳಿ.

ಕಲ್ಲುಚಪ್ಪಡಿ

ಒಟ್ಟಿಗೆ ಸುರಿಯುವಂಥದ್ದು ಯಾವುದೂ ಇಲ್ಲ ಸಾರ್. ಬೋರ್ ನೀರು ಒಣಗಿ ಬಿಡುವ ಬಿಳಿ ಪೊರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮಾರ್ಬಲ್ ಅಂದರೂ ಅದೇ, ಕಡಪ ಅಂದರೂ ಅದೇ, ಎರಡೂ ಸುಣ್ಣದ ಜಾತಿಯ ಕಲ್ಲು. ಪೊರೆಯನ್ನು ಕರಗಿಸುವ ಹುಳಿ, ಅಂದರೆ ಆಸಿಡ್, ವಿನೆಗರ್, ನಿಂಬೆ ಯಾವುದೇ ಆಗಲಿ, ಕಲ್ಲನ್ನೂ ಕರಗಿಸುತ್ತೆ. ಯಾವುದು ಕೊಳೆ, ಯಾವುದು ಕಲ್ಲು ಅನ್ನೋದು ಅದಕ್ಕೆ ಗೊತ್ತಾಗೋದಿಲ್ಲ. ಮಾರ್ಬಲ್ ಮೇಲೆ ಒಂದು ಹನಿ ನಿಂಬೆರಸ ಬಿದ್ದು ಸ್ವಲ್ಪ ಹೊತ್ತು ನಿಂತರೆ ಸಾಕು, ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತೆ. ಅದನ್ನು ಕಲೆ ಅಂದುಕೊಂಡು ಇನ್ನಷ್ಟು ಉಜ್ಜಿದರೆ ಪ್ರಯೋಜನವಿಲ್ಲ. ಅಲ್ಲಿ ತೆಗೆಯಲು ಏನೂ ಇಲ್ಲ, ಕಲ್ಲೇ ಸವೆದಿರುತ್ತೆ.

ಗೋಡೆಯ ಸಿರಾಮಿಕ್ ಬೇರೆ ಲೆಕ್ಕ. ಮೇಲಿನ ಗ್ಲೇಜ್ ಗಾಜಿನಂಥದ್ದು, ಸಾಧಾರಣ ಹುಳಿಗೆ ಹೆದರಲ್ಲ. ಆದರೆ ಟೈಲ್ಸಿನ ನಡುವಿನ ಸಂದು ಸಿಮೆಂಟ್ ಗ್ರೌಟ್ ಆಗಿದ್ದರೆ ಹುಳಿ ಅದನ್ನು ತಿನ್ನುತ್ತೆ. ಗೋಡೆಯಿಂದ ಇಳಿಯುವ ನೀರು ಕಡಪಕ್ಕೇ ಬರುತ್ತೆ ಅನ್ನೋದನ್ನೂ ಮರೆಯಬೇಡಿ.

ಟೈಲ್ಸ್_ಮೇಸ್ತ್ರಿ

ಮೊದಲು ಪೊರೆ ಯಾವುದು ನೋಡಿ. ಉಗುರಿನಿಂದ ಕೆರೆದಾಗ ಮೇಣದ ಥರ ಸುರುಳಿ ಬಂದರೆ ಅದು ಸೋಪಿನ ಜಿಡ್ಡು. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿ ಆಗುವಂಥದ್ದು. ಸೀಮೆಸುಣ್ಣದ ಥರ ಪುಡಿ ಉದುರಿದರೆ, ಅಥವಾ ಉಗುರಿಗೆ ಬಗ್ಗದೇ ಇದ್ದರೆ ಅದು ನೀರಿನ ಸುಣ್ಣ. ಬಚ್ಚಲಲ್ಲಿ ಸಾಮಾನ್ಯವಾಗಿ ಎರಡೂ ಪದರ ಪದರವಾಗಿ ಇರುತ್ತೆ, ಅದಕ್ಕೇ ಒಂದೇ ಔಷಧಿಗೆ ಹೋಗಲ್ಲ.

ಗೋಡೆಗೆ ಹೀಗೆ ಮಾಡಿ. ಕಡಪ ನೆಲ, ಹೊಸ್ತಿಲು ಎರಡರ ಮೇಲೂ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪ್ ಹಚ್ಚಿ, ಹಾಳೆಯ ತುದಿ ಜಾಲರಿ ಕಡೆ ಇಳಿಯುವ ಹಾಗೆ ಇರಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಬಿಸಿನೀರಲ್ಲಿ ಹಾಕಿ ಸೋಪಿನ ಜಿಡ್ಡು ತೆಗೆದು ತೊಳೆಯಿರಿ. ಆಮೇಲೆ ಗೋಡೆ ಪೂರ್ತಿ ಬರೀ ನೀರಲ್ಲಿ ನೆನೆಸಿ. ಇದನ್ನ ಎಲ್ಲರೂ ಬಿಟ್ಟುಬಿಡ್ತಾರೆ. ಗ್ರೌಟಿನ ತೂತುಗಳಲ್ಲಿ ಮೊದಲೇ ನೀರು ತುಂಬಿದ್ದರೆ ಹುಳಿ ಒಳಗೆ ಇಳಿಯಲ್ಲ. 1 ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ ಸ್ಪಂಜಿನಲ್ಲಿ ಹಚ್ಚಿ. ಐದು ನಿಮಿಷ ಬಿಟ್ಟು ನೈಲಾನ್ ಬ್ರಷ್ಷಿನಲ್ಲಿ ತಿಕ್ಕಿ, ತೊಳೆಯಿರಿ. ಒಣಗಲು ಬಿಡಬೇಡಿ. ಗಟ್ಟಿ ಇದ್ದ ಕಡೆ ಟಿಶ್ಯೂ ಪೇಪರ್ ಅದ್ದಿ ಅಂಟಿಸಿದರೆ ಇಳಿದುಹೋಗದೆ ಅಲ್ಲೇ ಕೂತು ಕೆಲಸ ಮಾಡುತ್ತೆ. ಕೊನೆಗೆ ಒಂದು ಲೀಟರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಹಾಕಿದ ನೀರಲ್ಲಿ ಒರೆಸಿ, ಮತ್ತೆ ಬರೀ ನೀರು. ಒಂದೇ ಸಲಕ್ಕೆ ಹೋಗದಿದ್ದರೆ ಎರಡನೇ ಸಲ ಮಾಡಿ, ನಿಂಬೆ ಉಪ್ಪು ಜಾಸ್ತಿ ಮಾಡಬೇಡಿ.

ಅಂಗಡಿ ಆಸಿಡ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್. ಗ್ರೌಟ್ ಹೋಗೋದು ಒಂದು ಕಡೆ, ಅದರ ಹೊಗೆಗೇ ನಲ್ಲಿ, ಬಾಗಿಲ ಹಿಂಜು, ಸ್ಟೀಲ್ ಜಾಲರಿ ಎಲ್ಲ ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಅಂತ ಬರೆದಿದ್ದರೂ ಅಷ್ಟೇ.

ಶಹಾಬಾದಿ

ನೆಲದ ಕಡಪಕ್ಕ ಹುಳಿ ಅಂಬೋದು ಹಚ್ಚಬ್ಯಾಡ್ರಿ. ನಮ್ಮ ಕಡೆ ಶಹಾಬಾದ್ ಕಲ್ಲಿಗೂ ಇದೇ ಮಾತು, ರಾಜಸ್ಥಾನದ ಕೋಟಾ, ತೆಲಂಗಾಣದ ತಾಂಡೂರು ಎಲ್ಲಾ ಒಂದೇ ಬಳಗ. ಇದೇ ಸುಣ್ಣಗಲ್ಲು ಸುಟ್ಟು ವಾಡಿ ಕಡೆ ಸಿಮೆಂಟ್ ಮಾಡ್ತಾರ, ಅಂದ ಮ್ಯಾಲ ಆಸಿಡ್‌ಗೆ ಎಲ್ಲಿ ತಡೀತದ?

ಪಾಲಿಶ್ ಕಡಪದ ಮ್ಯಾಲ ಆಸಿಡ್ ಬಿದ್ರ ಕರಿ ಬಣ್ಣ ಹೋಗಿ ಬೂದಿ ಬಣ್ಣ ಆಗ್ತದ. ಮಂದಿ ಅದಕ್ಕ ಕೊಬ್ಬರಿ ಎಣ್ಣಿ ತಿಕ್ಕಿ ಕರ್ರಗ ಮಾಡ್ತಾರ. ನಾಕು ದಿನ ಚಂದ ಕಾಣ್ತದ, ಆಮ್ಯಾಲ ಧೂಳು ಹಿಡ್ದು ಜಿಗಟ ಆಗ್ತದ, ಬಚ್ಚಲದಾಗ ಕಾಲು ಜಾರೋದು ಬ್ಯಾರೆ. ಇನ್ನೊಂದು, ಕಡಪ ಪದರ ಪದರ ಕಲ್ಲು. ಅಂಚಿನಾಗ ಪದರ ಎದ್ದಿದ್ರ ಅಲ್ಲಿ ಉಳಿ, ಬ್ಲೇಡು ಹಾಕಬ್ಯಾಡ್ರಿ, ಚಕ್ಕಿ ಎದ್ದು ಬರ್ತದ.

ನೀರಿನ ಸುಣ್ಣ ತೆಗೀಲಿಕ್ಕಿ ಉಜ್ಜೋದೊಂದೇ ದಾರಿ. ಕೈಲೆ ಹಿಡಿಯೋ ಡೈಮಂಡ್ ಪ್ಯಾಡ್ ಸಿಗ್ತಾವ. ನಂಬರ್ ಹೆಚ್ಚಾದಂಗ ಪ್ಯಾಡ್ ನುಣುಪು. 400ರಿಂದ ಸುರು ಮಾಡಿ 800, 1500, 3000, ನೀರು ಹಾಕ್ಕೋತ ಉಜ್ಜಬೇಕು. ಸುಣ್ಣ ಮೊದಲನೇ ಪ್ಯಾಡಿಗೇ ಹೋಗ್ತದ, ಉಳಿದವು ಹೊಳಪಿಗಿ. ನಡುವ ಒಂದು ನಂಬರ್ ಬಿಟ್ಟು ಜಿಗಿದ್ರ ಹಿಂದಿನ ಗೀರು ಹಂಗೇ ಉಳೀತಾವ. ಪ್ಯಾಡ್ ಬದಲಿಸೋ ಮುಂದ ಹಿಂದಿನ ರಾಡಿ ಪೂರ್ತಿ ತೊಳೀರಿ. ಪಾಲಿಶ್ ಇಲ್ಲದ ಒರಟು ಕಡಪ ಇದ್ರ 400ಕ್ಕೇ ನಿಲ್ಲಿಸ್ರಿ.

ಬಚ್ಚಲಮನೆ_ಪ್ರಶ್ನೆ

ಇದು ಕಡಪವೇ, ಕಪ್ಪು ಗ್ರಾನೈಟೇ ಅಂತ ಖಚಿತ ಮಾಡಿಕೊಳ್ಳೋದು ಹೇಗೆ? ಪಾಲಿಶ್ ಆದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಕಲ್ಲುಚಪ್ಪಡಿ

ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ, ಕಬ್ಬಿಣದ ಮೊಳೆಯಿಂದ ಸಣ್ಣಗೆ ಗೀರಿ. ಸುಲಭವಾಗಿ ಬೆಳ್ಳನೆ ಪುಡಿ ಎದ್ದರೆ ಸುಣ್ಣದ ಕಲ್ಲು. ಗ್ರಾನೈಟ್ ಆದರೆ ಮೊಳೆಯೇ ಸವೆದು ಲೋಹದ ಗೆರೆ ಬೀಳುತ್ತೆ. ಮಾರ್ಬಲ್, ಕಡಪದಲ್ಲಿರುವ ಕ್ಯಾಲ್ಸೈಟಿನ ಗಡಸುತನ 1ರಿಂದ 10ರ ಮೋಸ್ ಅಳತೆಯಲ್ಲಿ 3, ಗ್ರಾನೈಟಿನ ಖನಿಜಗಳದ್ದು 6ರಿಂದ 7, ಮೊಳೆ ನಡುವಿನದು. ಇನ್ನೂ ಅನುಮಾನ ಇದ್ದರೆ ಆ ಪುಡಿಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟು ಹತ್ತಿರದಿಂದ ನೋಡಿ, ಗುಳ್ಳೆ ಏಳುತ್ತೆ. ಕಲ್ಲಿನ ಮೈ ಮೇಲೆ ನೇರ ಹಾಕಿದರೆ ಕಡಪ ಕೆಲವೊಮ್ಮೆ ತಡವಾಗಿ ನೊರೆ ಬಿಡುತ್ತೆ, ಜನ ಅಲ್ಲೇ ಮೋಸ ಹೋಗೋದು. ಪುಡಿ ಮಾಡಿದರೆ ಬೇಗ ಗೊತ್ತಾಗುತ್ತೆ. ಡಾಲೊಮೈಟ್ ಜಾತಿಯ ಮಾರ್ಬಲ್ಲಿಗೂ ಇದೇ ಮಾತು.

ಕಪ್ಪು ಗ್ರಾನೈಟ್ ಅಂತ ಮಾರುವ ಕಲ್ಲಿಗೆ ಕೆಲವೊಮ್ಮೆ ಬಣ್ಣ ಹಾಕಿರುತ್ತಾರೆ. ಬಿಳಿ ಬಟ್ಟೆಗೆ ಅಸಿಟೋನ್ ಅನ್ನುವ ದ್ರಾವಕ ಹಾಕಿ ಮೂಲೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಬಣ್ಣ ಹಾಕಿದ ಕಲ್ಲು, ಅದರ ಮೇಲೆ ಅಸಿಟೋನಿನ ಯಾವ ಉಪಾಯವೂ ಬೇಡ.

ಗಾರೆನೆಲ

ಗ್ರಾನೈಟಿಗೆ ಮಾತ್ರ ಏನು ಹಾಕಿದರೂ ಏನಾಗಲ್ಲ ಅಲ್ಲವಾ? ಸಾದರಹಳ್ಳಿ ಕಲ್ಲಿನ, ಅಂದರೆ ಬೂದು ಗ್ರಾನೈಟಿನ, ಮೆಟ್ಟಿಲಿಗೆ ಎಲ್ಲರೂ ಆಸಿಡ್ ಹಾಕಿಯೇ ಸಿಮೆಂಟ್ ಕಲೆ ತೆಗೆಯೋದು.

ಪರೀಕ್ಷಾನಳಿಕೆ

ತೆಗೆಯುತ್ತಾರೆ ನಿಜ. ಮುಂದಿನ ಮಳೆಗಾಲದ ಹೊತ್ತಿಗೆ ಅದೇ ಮೆಟ್ಟಿಲ ಮೇಲೆ ಹಳದಿ, ಕಂದು ಮಚ್ಚೆ ಏಳೋದನ್ನ ಯಾರೂ ಆಸಿಡ್ ಜೊತೆ ಸೇರಿಸಿ ನೋಡಲ್ಲ. ಬೂದು ಗ್ರಾನೈಟಿನಲ್ಲಿ ಕಾಣುವ ಕಪ್ಪು ಚುಕ್ಕೆಗಳಲ್ಲಿ ಬಯೊಟೈಟ್ ಅನ್ನುವ ಖನಿಜ ಇರುತ್ತೆ, ಅದರಲ್ಲಿ ಕಬ್ಬಿಣ ಇದೆ. ಹೈಡ್ರೋಕ್ಲೋರಿಕ್ ಅದನ್ನು ಹೊರಗೆಳೆಯುತ್ತೆ, ಗಾಳಿಗೆ ಅದು ತುಕ್ಕಾಗುತ್ತೆ. ಹಾಕಲೇಬೇಕಾದರೆ ಸಲ್ಫಾಮಿಕ್ ಆಸಿಡ್, ಲೀಟರಿಗೆ 50 ಗ್ರಾಂ, ಕಲ್ಲು ಮೊದಲೇ ನೆನೆಸಿ, ಎರಡು ಮೂರು ನಿಮಿಷ, ಧಾರಾಳ ನೀರು.

ಗ್ರಾನೈಟನ್ನು ನಿಜವಾಗಿ ಹಾಳು ಮಾಡುವುದು ಫ್ಲೋರೈಡ್. ಕೆಲವು ತುಕ್ಕು ತೆಗೆಯುವ ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತೆ. ಅದು ಗಾಜು, ಟೈಲ್ಸ್ ಗ್ಲೇಜ್, ಗ್ರಾನೈಟ್ ಮೂರನ್ನೂ ಕೊರೆಯುತ್ತೆ. ಚರ್ಮಕ್ಕೆ ತಗುಲಿದರೆ ಮೊದಲು ಉರಿಯೇ ಗೊತ್ತಾಗದೆ ಒಳಗೆ ಇಳಿಯುವ ಅಪಾಯವೂ ಇದೆ. ಬಾಟಲಿ ಮೇಲೆ ಫ್ಲೋರೈಡ್ ಅಂತ ಕಂಡರೆ ಮನೆಗೆ ತರಬೇಡಿ.

ಇನ್ನೊಂದು ಮಾತು. "ಪಿಎಚ್ 7, ಮಾರ್ಬಲ್ಲಿಗೆ ಸುರಕ್ಷಿತ" ಅಂತ, ಅಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ, ನ್ಯೂಟ್ರಲ್ ಅಂತ ಬರೆದ ಎಲ್ಲವೂ ಸುರಕ್ಷಿತ ಅಲ್ಲ. ಇಡಿಟಿಎ ಥರದ, ಕ್ಯಾಲ್ಸಿಯಮ್ಮನ್ನು ಹಿಡಿದೆಳೆಯುವ ವಸ್ತುಗಳು ಹುಳಿ ಇಲ್ಲದೆಯೂ ಮಾರ್ಬಲ್ ಮೈಯನ್ನು ನಿಧಾನಕ್ಕೆ ತಿನ್ನುತ್ತವೆ. ಸುಣ್ಣದ ಪೊರೆ ಕರಗಿಸುತ್ತೇನೆ ಅನ್ನುವ ನ್ಯೂಟ್ರಲ್ ದ್ರವ ಕಂಡರೆ ಅದು ಹೇಗೆ ಕರಗಿಸುತ್ತೆ ಅಂತ ಕೇಳಿ.

ಬ್ಲೀಚಿಗೆ ಆಸಿಡ್ ಸೇರಿಸಿದರೆ ಕ್ಲೋರಿನ್ ಅನಿಲ, ಬ್ಲೀಚಿಗೆ ಅಮೋನಿಯಾ ಸೇರಿಸಿದರೆ ಕ್ಲೋರಮೈನ್. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಎರಡೂ ಆಸ್ಪತ್ರೆಗೆ ಕಳಿಸುತ್ತವೆ. ಬೆಳಿಗ್ಗೆ ಟಾಯ್ಲೆಟ್ ಕ್ಲೀನರ್, ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ, ದಯವಿಟ್ಟು ಬಿಡಿ.

ಟೈಲ್ಸ್_ಮೇಸ್ತ್ರಿ

ಮಾರ್ಬಲ್ ಹೊಸ್ತಿಲು ಉಳಿದುಹೋಯ್ತು. ಅದರ ಮೇಲಿನ ಸೋಪಿನ ಪದರಕ್ಕೆ ಲೀಟರ್ ನೀರಿಗೆ 30 ಮಿಲಿ ಮನೆಬಳಕೆಯ ಅಮೋನಿಯಾ ಸಾಕು, ಕಿಟಕಿ ತೆಗೆದು, ಹತ್ತು ನಿಮಿಷದೊಳಗೆ ತೊಳೆದುಬಿಡಿ. ಇದೂ ದಿನಾ ಮಾಡುವಂಥದ್ದಲ್ಲ, ಪದೇ ಪದೇ ಹಾಕಿದರೆ ಹೊಳಪು ಕಡಿಮೆಯಾಗುತ್ತೆ. ಕೆಳಗಿನ ಸುಣ್ಣಕ್ಕೆ ಹಳೆ ಎಟಿಎಂ ಕಾರ್ಡನ್ನು ಮಲಗಿಸಿ ಹಿಡಿದು ಸೋಪುನೀರಲ್ಲಿ ತಳ್ಳಿ. ಗ್ಲೇಜ್ ಟೈಲ್ಸಿಗೆ ಸ್ಟೀಲ್ ಬ್ಲೇಡ್ ನಡೆಯುತ್ತೆ, ಮಾರ್ಬಲ್ಲಿಗೆ ಅದರ ಮೂಲೆ ತಗುಲಿದರೆ ಗೀರು ಗ್ಯಾರಂಟಿ.

ಈಗಾಗಲೇ ಮಂಕಾಗಿದ್ದರೆ ಉಗುರು ಆಡಿಸಿ ನೋಡಿ. ತಗ್ಗು ಗೊತ್ತಾಗದಿದ್ದರೆ ಮಾರ್ಬಲ್ ಪಾಲಿಶ್ ಪುಡಿ, ಟಿನ್ ಆಕ್ಸೈಡ್ ಇರುವಂಥದ್ದು, ಒದ್ದೆ ಫೆಲ್ಟ್ ಬಟ್ಟೆಯಲ್ಲಿ ಎರಡು ಮೂರು ನಿಮಿಷ ಒತ್ತಿ ಉಜ್ಜಿದರೆ ಹೊಳಪು ಮರಳುತ್ತೆ. ಉಗುರಿಗೆ ತಗ್ಗು ಸಿಕ್ಕರೆ ಶಹಾಬಾದಿ ಅಣ್ಣ ಹೇಳಿದ ಪ್ಯಾಡುಗಳೇ ಗತಿ.

ಗಾರೆನೆಲ

ಮೊಸಾಯಿಕ್ ಪಾಲಿಶ್‌ಗೆ ಆಕ್ಸಾಲಿಕ್ ಆಸಿಡ್ ಹಾಕುತ್ತಾರಲ್ಲ, ಅದರಲ್ಲೂ ಮಾರ್ಬಲ್ ಚಿಪ್ಸ್, ಸಿಮೆಂಟ್ ಎರಡೂ ಇವೆ. ಅದು ಹೇಗೆ ತಡೆಯುತ್ತೆ? ಇಲ್ಲಿ ಹೇಳಿದ್ದಕ್ಕೆ ಅದು ಉಲ್ಟಾ ಆಯ್ತಲ್ಲ.

ಪರೀಕ್ಷಾನಳಿಕೆ

ಒಳ್ಳೆ ಪ್ರಶ್ನೆ. ಹೈಡ್ರೋಕ್ಲೋರಿಕ್, ವಿನೆಗರ್ ಜೊತೆ ಕಲ್ಲಿನ ಕ್ಯಾಲ್ಸಿಯಂ ನೀರಲ್ಲಿ ಕರಗುವ ಲವಣವಾಗಿ ಹೊರಟುಹೋಗುತ್ತೆ. ಆಕ್ಸಾಲಿಕ್ ಜೊತೆ ಆಗುವ ಕ್ಯಾಲ್ಸಿಯಂ ಆಕ್ಸಲೇಟ್ ನೀರಲ್ಲಿ ಬಹುತೇಕ ಕರಗಲ್ಲ, ಕಲ್ಲಿನ ಮೈ ಮೇಲೇ ತೆಳುವಾಗಿ ಕೂರುತ್ತೆ. ಅದನ್ನು ನಮ್ದಾದಲ್ಲಿ, ಅಂದರೆ ಉಣ್ಣೆಯ ಫೆಲ್ಟಿನಲ್ಲಿ, ಒತ್ತಿ ಉಜ್ಜಿದಾಗ ಹೊಳಪು ಬರುತ್ತೆ. ಆದರೂ ಅದು ಕಲ್ಲನ್ನು ತೆಗೆದುಕೊಂಡೇ ಆಗೋದು. ಕೇಂದ್ರ ಲೋಕೋಪಯೋಗಿ ಇಲಾಖೆಯ ಕೆಲಸದ ನಿಯಮದಲ್ಲಿ ಮೊಸಾಯಿಕ್‌ಗೆ ಚದರ ಮೀಟರಿಗೆ 33 ಗ್ರಾಂ ಪುಡಿ ಅಂತಿದೆ, ಅದೂ ಪಾಲಿಶ್ ಯಂತ್ರದ ಕೊನೆಯ ಉಜ್ಜುಗಲ್ಲು ತಿರುಗಿಸಿದ ಮೇಲೆ. ನೆಲ ಒರೆಸುವ ನೀರಿಗೆ ಒಂದು ಚಮಚ ಹಾಕುವ ವಸ್ತು ಅಲ್ಲ. ವಿಷ ಕೂಡ. ಗ್ಲೌಸು ಇಲ್ಲದೆ ಮುಟ್ಟಬಾರದು, ಮಕ್ಕಳಿರುವ ಮನೆಯಲ್ಲಿ ಸಕ್ಕರೆ ಥರದ ಆ ಬಿಳಿ ಹರಳನ್ನು ಬರೀ ಕವರಿನಲ್ಲಿ ಇಡಬಾರದು.

ಕಾವಿನೆಲ

ಮಲೆನಾಡು, ಕರಾವಳಿ ಕಡೆಯ ಕೆಂಪು ಗಾರೆ ನೆಲದವರೂ ಇದನ್ನು ಓದುತ್ತಿರಬಹುದು ಅಂತ ಒಂದು ಮಾತು: ರೆಡ್ ಆಕ್ಸೈಡ್ ನೆಲವೂ ಸಿಮೆಂಟೇ. ವಿನೆಗರ್, ಟಾಯ್ಲೆಟ್ ಕ್ಲೀನರ್ ಬಿದ್ದ ಕಡೆ ಬೆಳ್ಳಗೆ ಒರಟಾಗುತ್ತೆ, ಮತ್ತೆ ಆ ಬಣ್ಣ ಕೂರಿಸೋದು ಯಾವ ಗಾರೆಯವನಿಗೂ ಆಗಲ್ಲ. ಬರೀ ನೀರು, ವಾರಕ್ಕೊಮ್ಮೆ ಒಂದೆರಡು ಹನಿ ಸೋಪು ಸಾಕು.

ಕಲ್ಲುಚಪ್ಪಡಿ

ಈಗ ಅಡಿಗೆ ಕಟ್ಟೆ. ಅರಿಶಿನ ಬಿದ್ದ ಕೂಡಲೆ ಎಲ್ಲರೂ ಸೋಡಾ, ಸೋಪು ಹಾಕಿ ತಿಕ್ಕುತ್ತಾರೆ, ಕೆಂಪಾಗಿ ಇನ್ನೂ ಗಾಬರಿಯಾಗುತ್ತಾರೆ. ಓಕುಳಿ ನೀರು ಕೆಂಪಾಗೋದೂ ಹೀಗೇ, ಅರಿಶಿನಕ್ಕೆ ಸುಣ್ಣ. ಕ್ಷಾರ ತೊಳೆದುಹೋದರೆ ಮತ್ತೆ ಹಳದಿಗೆ ಬರುತ್ತೆ. ತಿಳಿ ಬಣ್ಣದ ಕಲ್ಲಾದರೆ ಔಷಧಿ ಅಂಗಡಿಯ 6 ಶೇಕಡ ಹೈಡ್ರೊಜನ್ ಪೆರಾಕ್ಸೈಡ್ ಅನ್ನು ಹತ್ತಿಯಲ್ಲಿ ನೆನೆಸಿ ಕಲೆ ಮೇಲಿಟ್ಟು, ಪ್ಲಾಸ್ಟಿಕ್ ಮುಚ್ಚಿ ಒಂದು ರಾತ್ರಿ ಬಿಡಿ. ಕಪ್ಪು ಕಲ್ಲಿಗೆ ಇದು ಬೇಡ, ಬಣ್ಣ ಮಾಸಬಹುದು. ಬಿಸಿಲು ಬೀಳುವ ಕಡೆ ಇದ್ದರೆ ಏನೂ ಮಾಡದೆ ಬಿಟ್ಟರೂ ಅರಿಶಿನದ ಬಣ್ಣ ಬೆಳಕಿಗೆ ತಾನಾಗಿ ಹೋಗುತ್ತೆ.

ಎಣ್ಣೆ ಕಲೆ, ಅಂದರೆ ಕಲ್ಲು ಅಲ್ಲಿ ಮಾತ್ರ ಒದ್ದೆಯಾದ ಹಾಗೆ ಕಪ್ಪಗೆ ಕಂಡರೆ, ಮೇಲಿಂದ ಎಷ್ಟು ತೊಳೆದರೂ ಹೋಗಲ್ಲ, ಅದು ಒಳಗಿದೆ. ಲೇಪ ಹಾಕಬೇಕು. ಟಾಲ್ಕ್ ಪುಡಿ ಅಥವಾ ಮೈದಾವನ್ನು ಅಸಿಟೋನಿನಲ್ಲಿ ಬೋಂಡಾ ಹಿಟ್ಟಿನ ಹದಕ್ಕೆ ಕಲಸಿ, ಕಲೆಗಿಂತ ಒಂದು ಬೆರಳು ಹೊರಗೆ ಬರುವಂತೆ, ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಹಚ್ಚಿ. ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಟೇಪ್, 24 ಗಂಟೆ. ಆಮೇಲೆ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಕೆಲಸ ಆಗೋದು ಈ ಒಣಗುವಾಗಲೇ. ದ್ರಾವಕ ಮೇಲಕ್ಕೆ ಆವಿಯಾಗುತ್ತಾ ಎಣ್ಣೆಯನ್ನು ಜೊತೆಗೆ ಎಳೆದು ಪುಡಿಗೆ ಬಿಡುತ್ತೆ. ಒದ್ದೆಯಿರುವಾಗಲೇ ಕೆರೆದು ತೆಗೆದರೆ ಎಣ್ಣೆ ಅಲ್ಲೇ ಉಳಿಯುತ್ತೆ. ಹಳೇ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುತ್ತೆ, ಒಲೆ ಆರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ, ಕಿಟಕಿ ತೆಗೆದೇ ಕಲಸಿ. ದೇವರ ಕಟ್ಟೆಯ ಎಣ್ಣೆ ಕಲೆಗೂ ಇದೇ ಲೇಪ, ದೀಪ ಹಚ್ಚದ ಹೊತ್ತಲ್ಲಿ ಮಾತ್ರ.

ತಾಜ್ ಮಹಲಿನ ಮಾರ್ಬಲ್ ಹಳದಿಯಾದಾಗ ಪುರಾತತ್ವ ಇಲಾಖೆಯವರು ಮುಲ್ತಾನಿ ಮಿಟ್ಟಿ ಲೇಪ ಹಾಕಿ ತೆಗೆಯುತ್ತಾರೆ, ತತ್ವ ಇದೇ. ಆದರೆ ಮುಲ್ತಾನಿ ಮಿಟ್ಟಿಯಲ್ಲಿ ಕಬ್ಬಿಣ ಇರುತ್ತೆ, ಅದನ್ನು ಹುಳಿಯ ಜೊತೆ ಯಾವತ್ತೂ ಕಲಸಬೇಡಿ, ಹೊಸ ಕಲೆ ಕೂರುತ್ತೆ.

ಬಚ್ಚಲಮನೆ_ಪ್ರಶ್ನೆ

ದಿನಾ ಒರೆಸೋಕೆ ಫಿನಾಯಿಲ್ ಹಾಕಬಹುದಾ? ಮತ್ತೆ ಇಷ್ಟೆಲ್ಲ ತೆಗೆದ ಮೇಲೆ ಸೀಲರ್, ಅಂದರೆ ಕಲ್ಲು ನೀರು ಕುಡಿಯದಂತೆ ಹಚ್ಚುವ ದ್ರವ, ಹೊಡೆಸಿದರೆ ಸುಣ್ಣ ಮತ್ತೆ ಕೂರಲ್ಲ ಅಂತಾರೆ, ನಿಜವಾ?

ಟೈಲ್ಸ್_ಮೇಸ್ತ್ರಿ

ಕಪ್ಪು ಫಿನಾಯಿಲ್ ತಿಳಿ ಕಲ್ಲಿಗೆ ಬೇಡ, ಕಂದು ಛಾಯೆ ಹಿಡಿಯುತ್ತೆ. ಬಿಳಿ ಫಿನಾಯಿಲ್ ಕಲ್ಲು ತಿನ್ನಲ್ಲ, ಆದರೆ ಜಾಸ್ತಿ ಹಾಕಿದರೆ ಎಣ್ಣೆ ಪದರ ಬಿಡುತ್ತೆ, ಪಾಲಿಶ್ ಆದ ವಿಟ್ರಿಫೈಡ್ ಟೈಲ್ಸ್ ಮೇಲೆ ಹೆಜ್ಜೆ ಗುರುತೆಲ್ಲ ಕಾಣೋಕೆ ಅದೇ ಕಾರಣ. 5 ಲೀಟರ್ ನೀರಿಗೆ ಒಂದು ಟೀ ಚಮಚ ಪಾತ್ರೆ ಲಿಕ್ವಿಡ್, ಆಮೇಲೆ ಬೇರೆ ಬಕೆಟ್ಟಿನ ಬರೀ ನೀರು. ಒರೆಸುವ ಮೊದಲು ಗುಡಿಸಲೇಬೇಕು. ಮರಳು ಅಂದರೆ ಸ್ಫಟಿಕ, ಗಡಸುತನ 7. ಒದ್ದೆ ಬಟ್ಟೆಯಲ್ಲಿ ಅದನ್ನು ಎಳೆದಾಡಿದರೆ ಮಾರ್ಬಲ್ಲಿಗೆ ಮರಳು ಕಾಗದ ತಿಕ್ಕಿದ ಹಾಗೇ. ಹಸಿರು ಸ್ಕ್ರಬರಿನಲ್ಲೂ ಉಜ್ಜುವ ಪುಡಿ ಇರುತ್ತೆ, ಹೊಳಪಿನ ಮೈಗೆ ಅದು ಬೇಡ. ಸ್ಟೀಲ್ ನಾರು ಅಂತೂ ಸಂದಿನಲ್ಲಿ ತುಂಡಾಗಿ ಉಳಿದು ತುಕ್ಕಿನ ಚುಕ್ಕಿ ಬಿಡುತ್ತೆ.

ಗ್ರೌಟ್ ಕಪ್ಪಾಗಿದ್ದರೆ, ಅಂದರೆ ಬೂಷ್ಟು ಹಿಡಿದಿದ್ದರೆ, ಸೋಡಿಯಂ ಪರ್ಕಾರ್ಬೊನೇಟ್ ಪುಡಿ ಎರಡು ದೊಡ್ಡ ಚಮಚ ಒಂದು ಲೀಟರ್ ಬಿಸಿನೀರಿಗೆ, ಕಾಲು ಗಂಟೆ, ಹಳೆ ಹಲ್ಲುಜ್ಜುವ ಬ್ರಷ್. ಇದನ್ನು ಮುಚ್ಚಿದ ಬಾಟಲಿಯಲ್ಲಿ ತುಂಬಿಡಬೇಡಿ, ಆಮ್ಲಜನಕ ಬಿಟ್ಟು ಸಿಡಿಯುತ್ತೆ.

ಶಹಾಬಾದಿ

ಸೀಲರ್ ಹೊಡದ್ರ ನೀರು, ಎಣ್ಣಿ ಒಳಗ ಇಳಿಯೋದು ನಿಧಾನ ಆಗ್ತದ, ಅಷ್ಟೇ. ಹುಳಿ ತಾಗಿದ್ರ ಮಂಕ ಆಗೋದು ತಪ್ಪಂಗಿಲ್ಲ, ಬೋರ್ ನೀರಿನ ಸುಣ್ಣ ಮ್ಯಾಲ ಕೂಡೋದೂ ತಪ್ಪಂಗಿಲ್ಲ. ಬೇಕೋ ಬ್ಯಾಡೋ ನೋಡ್ಲಿಕ್ಕಿ ಕಲ್ಲಿನ ಮ್ಯಾಲ ನೀರಿನ ಹನಿ ಬಿಟ್ಟು ಕಾಲು ತಾಸು ಕಾಯ್ರಿ. ಕಲ್ಲು ಕರ್ರಗಾದ್ರ ಕುಡೀಲಿಕತ್ತದ, ಸೀಲರ್ ಬೇಕು. ಹನಿ ಹಂಗೇ ನಿಂತ್ರ ರೊಕ್ಕ ಉಳಿಸ್ಕೋರಿ. ಹಚ್ಚೋದಿದ್ರ ಕಲ್ಲು ಎರಡು ದಿನ ಒಣಗಿರಬೇಕು, ಒಳಗ ಇಳಿಯೋ ಜಾತಿ ಸೀಲರ್ ಆಗಿರಬೇಕು, ಹೆಚ್ಚಿದ್ದನ್ನ ಹತ್ತು ನಿಮಿಷದಾಗ ಒರೆಸಿ ತೆಗೀಬೇಕು. ಒಣಗಿಸಿಬಿಟ್ರ ಮೋಡ ಮುಚ್ಚಿದಂಗ ಆಗ್ತದ.

ಕಲ್ಲಿನ ಸಂದಿನಾಗ ಹತ್ತಿಯಂಗ ಬಿಳಿ ಉಪ್ಪು ಹೊರಗ ಬರ್ತಿದ್ರ ಸೀಲರ್ ಹಚ್ಚಲೇಬ್ಯಾಡ್ರಿ. ಅದು ನೆಲದ ತಳದ ತೇವ ಹೊತ್ಕೊಂಡು ಬರೋ ಲವಣ. ಮ್ಯಾಲ ಮುಚ್ಚಿದ್ರ ಒಳಗೇ ಹರಳುಗಟ್ಟಿ ಕಲ್ಲಿನ ಮೈ ಚಕ್ಕಿ ಎಬ್ಬಿಸ್ತದ. ಒಣ ಬ್ರಷ್‌ಲೆ ಉದುರಿಸ್ರಿ, ನೀರು ಹಾಕಿದ್ರ ಮತ್ತ ಕರಗಿ ಒಳಗ ಹೋಗ್ತದ. ಮೊದಲು ಸೋರೋ ಪೈಪ್ ಎಲ್ಲದ ಹುಡುಕ್ರಿ.

ಪರೀಕ್ಷಾನಳಿಕೆ

ಸುಣ್ಣ ಕೂರದಿರಲು ಸೀಲರಿಗಿಂತ ರಬ್ಬರ್ ವೈಪರ್ ಮೇಲು. ಸ್ನಾನ ಆದ ಕೂಡಲೆ ಗೋಡೆಯಿಂದ ನೆಲಕ್ಕೆ, ನೆಲದಿಂದ ಜಾಲರಿಗೆ ನೀರೆಳೆದರೆ ಒಣಗಲು ನೀರೇ ಉಳಿಯಲ್ಲ. ಬಕೆಟ್ ತಳದ ಬಳೆಯಾಕಾರದ ಗುರುತಿಗೆ ಬಕೆಟ್ಟನ್ನು ಪ್ಲಾಸ್ಟಿಕ್ ಸ್ಟೂಲ್ ಮೇಲಿಡಿ. ತೊಟ್ಟಿಕ್ಕುವ ನಲ್ಲಿಯ ವಾಶರ್ ಬದಲಿಸಿ.

ಬಚ್ಚಲಮನೆ_ಪ್ರಶ್ನೆ

ಮೊಳೆ ಪರೀಕ್ಷೆ ಮಾಡಿದೆ, ಪುಡಿ ಬೆಳ್ಳಗೆ ಬಂತು, ವಿನೆಗರ್ ಹನಿಗೆ ಗುಳ್ಳೆಯೂ ಎದ್ದಿತು. ಕಡಪವೇ. ಗೋಡೆಗೆ ನಿಂಬೆ ಉಪ್ಪು, ನೆಲಕ್ಕೆ 400ರಿಂದ ಸುರುವಾಗುವ ಪ್ಯಾಡುಗಳು. ಗೋಡೆ ಮೊದಲಾ, ನೆಲ ಮೊದಲಾ?

ಟೈಲ್ಸ್_ಮೇಸ್ತ್ರಿ

ಗೋಡೆ ಮೊದಲು ಸಾರ್. ಪ್ಲಾಸ್ಟಿಕ್ ಎಲ್ಲಾದರೂ ಸೋರಿ ನೆಲಕ್ಕೆ ತಾಗಿದ್ದರೆ ಆಮೇಲೆ ಹಾಕುವ ಪ್ಯಾಡಿನಲ್ಲಿ ಅದೂ ಹೋಗುತ್ತೆ.